ತೊಂಬತ್ತನೇ ಪುಟದ ಪೆನ್ಸಿಲು

ದಂಡ ಎಷ್ಟಾಯಿತು ಹೇಳಿ ಸಾಲಿಯಾನರೇ,
ಹನ್ನೊಂದು ದಿನ ತಡ. ಕೊಡುತ್ತೇನೆ, ಚಿಲ್ಲರೆ ಉಂಟು.
ಆದರೆ ರಸೀದಿ ಬರೆಯುವ ಮೊದಲು
ಆ ಫ್ಯಾನು ಸ್ವಲ್ಪ ಕಡಿಮೆ ಮಾಡಿ, ಕೂತುಕೊಳ್ಳಿ.
ಈ ಪುಸ್ತಕದ ಬಗ್ಗೆ ಯಾರಿಗಾದರೂ ಹೇಳದಿದ್ದರೆ
ನನಗೆ ಇವತ್ತೂ ನಿದ್ದೆ ಬರಲಿಕ್ಕಿಲ್ಲ.

ನೀವೇ ಕೊಟ್ಟದ್ದು. ರಟ್ಟು ಹರಿದಿತ್ತು.
"ಓದುವವರಿಲ್ಲ, ಬೇಕಾದರೆ ಒಯ್ಯಿರಿ" ಅಂದಿರಿ
ಹೋದ ವರ್ಷದ ಪಂಚಾಂಗ ಕೊಟ್ಟ ಹಾಗೆ.

ಸೋಮವಾರ ಸಂಜೆ ಮಸ್ಜಿದ್ ಬಂದರಿನಲ್ಲಿ ಹತ್ತಿದೆ.
ಹೆಂಗಸರ ಡಬ್ಬಿ, ನಾಲ್ಕನೇ ಸೀಟು,
ಅರ್ಧ ಸೊಂಟ ಗಾಳಿಯಲ್ಲಿ.
ಪಕ್ಕದವಳು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.
ಪುಸ್ತಕದೊಳಗೆ ಒಬ್ಬಳು
ದಿನಾ ಬೆಳಿಗ್ಗೆ ತನ್ನದೇ ಅಕ್ಷರದ ಚೀಟಿ ಕಾಣುತ್ತಾಳೆ,
ಕನ್ನಡಿಯ ಹಿಂದೆ, ಅಕ್ಕಿ ಡಬ್ಬಿಯಲ್ಲಿ, ಗಂಡನ ಬೂಟಿನಲ್ಲಿ.
ಬರೆದ ನೆನಪೇ ಇಲ್ಲ ಅವಳಿಗೆ.
ಒಂದರಲ್ಲಿ, 'ಇವತ್ತು ಚಹಾ ಕುಡಿಯಬೇಡ.'
ಅಷ್ಟೇ.
ಆಮೇಲೆ ಹತ್ತು ಪುಟ ಆ ಚಹಾ ಆರುತ್ತಾ ಕೂತಿದೆ ಮಾರಾಯ್ರೆ.
ಗಂಡ ಪೇಪರು ಮಗುಚುತ್ತಾನೆ, ಸಕ್ಕರೆ ಸಾಕಾ ಕೇಳುತ್ತಾನೆ,
ಒಣಗಿದ್ದು ನನ್ನ ಗಂಟಲು.

ತಲೆ ಎತ್ತಿದರೆ ಕಿಟಕಿಯಲ್ಲಿ ನೀರು.
ಖಾಡಿ! ನನ್ನ ತಿಲಕನಗರ ಯಾವಾಗಲೋ ದಾಟಿ
ಗಾಡಿ ವಾಶಿ ಸೇತುವೆಯ ಮೇಲೆ.
ಮೆಂತೆಯವಳೂ ಇಲ್ಲ, ಅವಳ ಒಂದು ದಂಟು ನನ್ನ ಮಡಿಲಲ್ಲಿ.
ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ
ಸ್ಟೇಶನ್ ತಪ್ಪದ ಹೆಂಗಸು ನಾನು,
ಮೆಣಸಿನ ಸೇಟನ ಲೆಕ್ಕದಲ್ಲಿ
ನಾಲ್ಕಾಣೆ ಹೆಚ್ಚಿದ್ದರೂ ಹಿಡಿಯುವವಳು.
ಇಳಿದು ಏನು ಮಾಡಿದೆ ಗೊತ್ತಾ?
ವಾಪಸು ಗಾಡಿ ಬಂತು, ಬಿಟ್ಟೆ.
ಬೆಂಚಿನ ಮೇಲೆ ಆ ಅಧ್ಯಾಯ ಮುಗಿಸಿಯೇ ಎದ್ದೆ.

ಎಂಥ ಬರವಣಿಗೆ!
ರಕ್ತ ಇಲ್ಲ, ಬಂದೂಕು ಇಲ್ಲ, ಯಾರೂ ಓಡುವುದಿಲ್ಲ.
ಬಾಗಿಲು ಕೂಡ ಕಿರ್ರೆನ್ನುವುದಿಲ್ಲ, ಎಣ್ಣೆ ಹಾಕಿದ್ದಾರೆ.
ಯಾರು ಹಾಕಿದ್ದು ಎಂಬುದೇ ಭಯ.
ಇನ್ನೂರ ಹನ್ನೆರಡನೇ ಪುಟದಲ್ಲಿ ಒಂದು ವಾಕ್ಯ,
ಇಲ್ಲ, ಹೇಳುವುದಿಲ್ಲ, ನಿಮ್ಮಾಣೆಗೂ,
ನಾಲ್ಕೇ ಶಬ್ದ, ಬೀಗದ ಬಗ್ಗೆ.
ಓದಿದ್ದೇ ತಡ
ಹಿಂದಿನ ಅವೇ ಮಾತು, ಅದೇ ಚಹಾ, ಅವನೇ ಗಂಡ
ಒಟ್ಟಿಗೆ ತಿರುಗಿ ನಿಂತು ನನ್ನನ್ನು ನೋಡಿದವು.

ರಾತ್ರಿ ಒಂದೂವರೆ. ಬಚ್ಚಲ ದೀಪ ಹಾಕಿ
ಬೋರಲು ಬಾಲ್ದಿಯ ಮೇಲೆ ಕೂತು ಮುಗಿಸಿದೆ.
ಎದ್ದು ಚಿಲಕ ನೋಡಿದೆ. ಮತ್ತೆ ನೋಡಿದೆ.
ನಮ್ಮವರು ಬಾಯಿ ತೆರೆದು ಮಲಗಿದ್ದರು,
ಪಾಪದವರು, ಸೊಳ್ಳೆಗೂ ಹೊಡೆಯದವರು.
ಆದರೂ ನಿಂತು ನೋಡಿದೆ ಸ್ವಲ್ಪ ಹೊತ್ತು.
ಫ್ರಿಜ್ಜಿನ ಮೇಲೆ ನನ್ನ ಸಾಮಾನಿನ ಚೀಟಿ:
ಉದ್ದು, ಸಾಬೂನು, ಬ್ಲೇಡು, ಹಗ್ಗ.
ಹಗ್ಗ?
ಹಗ್ಗ ಯಾಕೆ ಬರೆದೆ ನಾನು?
(ಬಟ್ಟೆ ಒಣಗಿಸಲಿಕ್ಕೆ. ಬೆಳಿಗ್ಗೆ ನೆನಪಾಯಿತು.
ನೆನಪಾಯಿತು ಅಂತ ಅಂದುಕೊಂಡಿದ್ದೇನೆ.)

ಇನ್ನೊಂದು ಉಂಟು, ಬೈಯಬೇಡಿ.
ತೊಂಬತ್ತನೇ ಪುಟದ ಅಂಚಿನಲ್ಲಿ ಯಾರೋ ಪುಣ್ಯಾತ್ಮ
ಪೆನ್ಸಿಲಿನಲ್ಲಿ ಗೀಚಿದ್ದ. ಕೊನೆಯ ಗುಟ್ಟು, ಪೂರ್ತಿ,
ಕೆಳಗೆ ಎರಡು ಗೆರೆ ಎಳೆದು.
ನನ್ನ ಅದೃಷ್ಟ, ಆ ನೂಕುನುಗ್ಗಲಲ್ಲಿ
ನನ್ನ ಹೆಬ್ಬೆರಳು ಸರಿಯಾಗಿ ಅದರ ಮೇಲೇ ಇತ್ತು.
ಕಂಡದ್ದು ಎರಡನೇ ಸಲ ಓದುವಾಗ.
ಹೌದು, ಎರಡು ಸಲ. ಅದಕ್ಕೇ ಹನ್ನೊಂದು ದಿನ.

ಮಗಳ ರಬ್ಬರು ತಂದು ಉಜ್ಜಿದೆ, ಕಾಗದ ಸವೆಯುವಷ್ಟು.
ಖಾಲಿ ಬಿಡಲು ಮನಸ್ಸಾಗಲಿಲ್ಲ.
ಅದೇ ಜಾಗದಲ್ಲಿ, ಎಡಗೈಯಲ್ಲಿ, ಬರೆದಿದ್ದೇನೆ:
'ಹಾಲಿನವನ ಮೇಲೆ ಕಣ್ಣಿಡಿ.'
ಹಾಲಿನವ ಪಾಪ ಏನೂ ಮಾಡಿಲ್ಲ.
ಮುಂದೆ ಓದುವವರು ಹೆದರಲಿ ಸ್ವಲ್ಪ,
ಪುಕ್ಕಟೆ ಯಾಕೆ ಸಿಗಬೇಕು ಅವರಿಗೆ ಆ ಬೀಗ?

ಆಯಿತು, ರಸೀದಿ ಬರೆಯಿರಿ ಇನ್ನು.
ಪೆನ್ನು ಕೊಡಲೇ?
ಓ, ಕಿವಿಯ ಮೇಲೆ ಪೆನ್ಸಿಲು ಉಂಟಲ್ಲ ನಿಮಗೆ.
ಹನ್ನೊಂದು ರೂಪಾಯಿ. ಸರಿ.
ಅದರ ಕೆಳಗೆ
ಎರಡು ಗೆರೆ ಎಳೆಯುತ್ತೀರಲ್ಲ ಸಾಲಿಯಾನರೇ,
ಯಾವಾಗಲೂ ಹಾಗೆಯೇ?